ಕಲ್ಲಿಗಂಟಿದ ಕೆಂಪು ಪಾಚಿಯ ರಸಾಯನ

ಕಡಲ ನೀರಿನಲ್ಲಿ ಏನನ್ನೇ ಮುಳುಗಿಸಿಡಿ, ಕೆಲವೇ ದಿನಗಳಲ್ಲಿ ಅದಕ್ಕೆ ಲೋಳೆ ಕಟ್ಟುತ್ತದೆ. ಮೊದಲು ಬ್ಯಾಕ್ಟೀರಿಯಾಗಳು ಬಂದು ಕೂರುತ್ತವೆ. ಅವುಗಳ ಬೆನ್ನಿಗೇ ಸಣ್ಣ ಪಾಚಿಗಳು, ಚಿಪ್ಪುಜೀವಿಗಳ ಮರಿಗಳು ಬರುತ್ತವೆ. ದೋಣಿಯ ತಳಕ್ಕೂ ಬಿಡುವಿಲ್ಲ, ಹಗ್ಗಕ್ಕೂ ಬಿಡುವಿಲ್ಲ. ಆದರೆ ಆಸ್ಟ್ರೇಲಿಯಾದ ಕರಾವಳಿಯಲ್ಲಿ ಬೆಳೆಯುವ ಡೆಲಿಸಿಯಾ ಪಲ್ಕ್ರಾ ಎಂಬ ಕೆಂಪು ಪಾಚಿಯ ಮೈ ಮಾತ್ರ ಹೆಚ್ಚುಕಡಿಮೆ ಚೊಕ್ಕಟವಾಗಿಯೇ ಇರುತ್ತದೆ.

ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1990ರ ದಶಕದಲ್ಲಿ ಇದರ ಗುಟ್ಟು ಬಿಡಿಸಿದರು. ಬ್ಯಾಕ್ಟೀರಿಯಾಗಳು ಒಂಟಿಯಾಗಿದ್ದಾಗ ಲೋಳೆ ಕಟ್ಟಲು ಆತುರಪಡುವುದಿಲ್ಲ. ಪ್ರತಿಯೊಂದೂ ಒಂದು ಸಂಕೇತದ ಅಣುವನ್ನು ಹೊರಗೆ ಬಿಡುತ್ತಾ ಇರುತ್ತದೆ. ಸುತ್ತ ಆ ಅಣು ಜಾಸ್ತಿಯಾಯಿತು ಅಂದರೆ 'ನಮ್ಮವರು ಸಾಕಷ್ಟು ಮಂದಿ ಸೇರಿದ್ದಾರೆ' ಎಂದರ್ಥ. ಆಗ ಎಲ್ಲವೂ ಒಟ್ಟಿಗೆ ಕೆಲಸ ಶುರುಮಾಡುತ್ತವೆ. ಡೆಲಿಸಿಯಾ ತಯಾರಿಸುವ ಫ್ಯುರನೋನ್ ಎಂಬ ಅಣುಗಳ ಆಕಾರ ಈ ಸಂಕೇತವನ್ನೇ ಹೋಲುತ್ತದೆ. ಸಂಕೇತ ಹಿಡಿಯುವ ಪ್ರೋಟೀನಿಗೆ ಅದು ಹೋಗಿ ತಗುಲಿಕೊಂಡು, ಆ ಪ್ರೋಟೀನನ್ನೇ ಕೆಡಿಸುತ್ತದೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅವುಗಳ ಮಾತುಕತೆ ಮಾತ್ರ ನಿಂತುಹೋಗುತ್ತದೆ.

ಕಡಲಪಾಚಿಗಳ ಬಗ್ಗೆ ನಾನು ಓದಿದ್ದರಲ್ಲೆಲ್ಲ ನನಗೆ ತುಂಬಾ ಹಿಡಿಸಿದ್ದು ಇದೇ. ಸೋಂಕಿನ ವಿರುದ್ಧ ನಮ್ಮ ಹೆಚ್ಚಿನ ಔಷಧಿಗಳು ಕೊಲ್ಲುವ ದಾರಿ ಹಿಡಿದಿವೆ. ಕೊಂದಷ್ಟೂ, ಬದುಕುಳಿದವು ಗಟ್ಟಿಯಾಗುತ್ತವೆ. ಕೊಲ್ಲದೆ ಸುಮ್ಮನಾಗಿಸುವ ದಾರಿಯೂ ಇದೆ ಎಂದು ಈ ಪಾಚಿ ತೋರಿಸಿತು. ಹಾಗಂತ ಫ್ಯುರನೋನ್‌ಗಳನ್ನು ಸುಮ್ನೆ ಮಾತ್ರೆ ಮಾಡಿ ನುಂಗಲು ಬರುವುದಿಲ್ಲ. ಅವು ನಮ್ಮ ಜೀವಕೋಶಗಳಿಗೂ ವಿಷವಾಗಬಲ್ಲವು.

ಈ ಫ್ಯುರನೋನ್ ಅಣುಗಳಲ್ಲಿ ಬ್ರೋಮಿನ್ ಎಂಬ ಮೂಲವಸ್ತು ಇದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 65 ಮಿಲಿಗ್ರಾಂ ಬ್ರೋಮಿನ್, ಬ್ರೋಮೈಡ್ ಎಂಬ ರೂಪದಲ್ಲಿ ಕರಗಿರುತ್ತದೆ. ಅದನ್ನು ಹಿಡಿದು ಇಂಗಾಲದ ಅಣುಗಳಿಗೆ ಜೋಡಿಸುವ ಕಿಣ್ವಗಳು ಕೆಂಪು ಪಾಚಿಗಳಲ್ಲಿವೆ. ನೆಲದ ಗಿಡಗಳಲ್ಲಿ ಈ ಕಲೆ ತೀರಾ ಅಪರೂಪ. ಲಾರೆನ್ಸಿಯಾ ಎಂಬ ಪಾಚಿ ಇಂಥ ವಸ್ತುಗಳನ್ನು ಜೀವಕೋಶದೊಳಗೆ ಚೆರ್ರಿ ಹಣ್ಣಿನಂತೆ ಕಾಣುವ ಪುಟ್ಟ ಗುಂಡುಗಳಲ್ಲಿ ಕೂಡಿಡುತ್ತದೆ. ಅನೇಕ ಮೀನುಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. ಕಡಲ ಮೊಲ ಎಂದು ಕರೆಯುವ, ಹೊರಗೆ ಚಿಪ್ಪು ಕಾಣದ ಮೃದ್ವಂಗಿ ಮಾತ್ರ ಆರಾಮಾಗಿ ತಿಂದು, ಆ ವಸ್ತುಗಳನ್ನು ತನ್ನ ಮೈಯಲ್ಲೇ ಉಳಿಸಿಕೊಳ್ಳುತ್ತದೆ. ಆಸ್ಪರಗಾಪ್ಸಿಸ್ ಎಂಬ ಇನ್ನೊಂದು ಕೆಂಪು ಪಾಚಿಯಲ್ಲಿ ಬ್ರೋಮೋಫಾರ್ಮ್ ಎಂಬ ಬ್ರೋಮಿನ್ ವಸ್ತು ಇದೆ. ಆ ಪಾಚಿಯನ್ನು ದನಗಳ ಮೇವಿಗೆ ಸ್ವಲ್ಪ ಬೆರೆಸಿದರೆ ಹೊಟ್ಟೆಯ ಸೂಕ್ಷ್ಮಜೀವಿಗಳು ಮೀಥೇನ್ ಮಾಡುವುದು ಬಹಳ ಕಡಿಮೆಯಾಗುತ್ತದೆ.

ಎಲ್ಲಾ ಕೆಂಪು ಪಾಚಿಗಳ ಆಯುಧವೂ ಬ್ರೋಮಿನ್ ಅಲ್ಲ. ಜಪಾನಿನಲ್ಲಿ ಮಕ್ಕಳ ಜಂತುಹುಳುವಿಗೆ ಡೈಜೀನಿಯಾ ಎಂಬ ಪಾಚಿಯ ಕಷಾಯ ಕೊಡುವುದು ಶತಮಾನಗಳ ರೂಢಿಯಾಗಿತ್ತು. 1953ರಲ್ಲಿ ಅಲ್ಲಿನ ರಸಾಯನ ವಿಜ್ಞಾನಿಗಳು ಅದರಿಂದ ಕೈನಿಕ್ ಆಮ್ಲವನ್ನು ಬೇರ್ಪಡಿಸಿದರು. ಕೆಲವು ವರ್ಷಗಳ ನಂತರ ಕೋಂಡ್ರಿಯಾ ಎಂಬ ಇನ್ನೊಂದು ಪಾಚಿಯಲ್ಲಿ ಅದರ ಹತ್ತಿರದ ನೆಂಟ ಡೊಮೋಯಿಕ್ ಆಮ್ಲ ಸಿಕ್ಕಿತು. ಎರಡೂ ಗ್ಲುಟಮೇಟ್‌ನ ಹಾಗೆ ವರ್ತಿಸುತ್ತವೆ. ನಮ್ಮ ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದನ್ನು ಎಬ್ಬಿಸುವುದು ಮುಖ್ಯವಾಗಿ ಗ್ಲುಟಮೇಟ್‌ನಿಂದಲೇ. ಹುಳುವಿನ ಔಷಧಿ ಹೀಗೆ ನರವಿಜ್ಞಾನದ ಬಾಗಿಲಿಗೆ ಬಂತು. ಗ್ಲುಟಮೇಟ್ ಹಿಡಿಯುವ ಒಂದು ಬಗೆಯ ಗ್ರಾಹಕಕ್ಕೆ ಇಂದಿಗೂ 'ಕೈನೇಟ್ ಗ್ರಾಹಕ' ಎಂದೇ ಹೆಸರು. ಮೂರ್ಛೆರೋಗ ಹೇಗೆ ಹುಟ್ಟುತ್ತದೆಂದು ತಿಳಿಯಲು ಪ್ರಯೋಗಾಲಯದ ಇಲಿಗಳಿಗೆ ಕೊಡುವುದೂ ಈ ಆಮ್ಲವನ್ನೇ.

1987ರಲ್ಲಿ ಕೆನಡಾದಲ್ಲಿ ಮಸೆಲ್ ಎಂಬ ಚಿಪ್ಪುಜೀವಿ ತಿಂದ ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಕೆಲವರು ತೀರಿಕೊಂಡರು. ಬದುಕಿದವರಲ್ಲಿ ಕೆಲವರಿಗೆ ಹೊಸ ನೆನಪುಗಳೇ ನಿಲ್ಲದಂತಾಯಿತು. ಕಾರಣ ಡೊಮೋಯಿಕ್ ಆಮ್ಲ. ಈ ಬಾರಿ ಅದನ್ನು ತಯಾರಿಸಿದ್ದು ಕೆಂಪು ಪಾಚಿಯಲ್ಲ, ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿ. ಮಸೆಲ್‌ಗಳು ನೀರನ್ನು ಸೋಸಿ ತಿನ್ನುತ್ತಾ ಅದನ್ನು ಮೈತುಂಬಾ ಕೂಡಿಟ್ಟುಕೊಂಡಿದ್ದವು. ಒಂದು ಪ್ರಮಾಣದಲ್ಲಿ ಹುಳು ಬೀಳಿಸುವ ಅಣು, ಪ್ರಮಾಣ ಏರಿದರೆ ನೆನಪನ್ನೇ ಕಿತ್ತುಕೊಳ್ಳುತ್ತದೆ. ನೈಸರ್ಗಿಕ ಅಂದಮಾತ್ರಕ್ಕೆ ನಿರಪಾಯ ಎಂದು ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಈ ಘಟನೆ.

'ಕ್ಯಾನ್ಸರ್ ಕೋಶಗಳನ್ನು ಕೊಂದಿತು' ಎಂಬ ಸುದ್ದಿಗಳನ್ನೂ ನಿಧಾನವಾಗಿ ಓದಬೇಕು. ಫಿಲಿಪ್ಪೀನ್ಸ್‌ನ ಕೆಂಪು ಪಾಚಿಯೊಂದರಲ್ಲಿ ಸಿಕ್ಕ ಹ್ಯಾಲೊಮಾನ್ 1992ರಲ್ಲಿ ದೊಡ್ಡ ಆಸೆ ಹುಟ್ಟಿಸಿತು. ಮಿದುಳು, ಮೂತ್ರಪಿಂಡ, ದೊಡ್ಡಕರುಳಿನ ಗೆಡ್ಡೆಗಳ ಕೋಶಗಳನ್ನು ಅದು ಚೆನ್ನಾಗಿಯೇ ಕೊಂದಿತು, ಆದರೆ ಗಾಜಿನ ತಟ್ಟೆಯಲ್ಲಿ. ಔಷಧಿ ಅಂಗಡಿಯವರೆಗೆ ಬರಲಿಲ್ಲ. ಒಂದೇ ಜಾತಿಯ ಪಾಚಿ ಒಂದು ಕೊಲ್ಲಿಯಲ್ಲಿ ಮಾಡುವ ವಸ್ತುವನ್ನು ಇನ್ನೊಂದು ಕೊಲ್ಲಿಯಲ್ಲಿ ಮಾಡದೆಯೂ ಇರಬಹುದು. ಸಿಗುವುದೂ ಚೂರೇ ಚೂರು. ಅದಕ್ಕಾಗಿ ಬಂಡೆಗಳನ್ನೆಲ್ಲ ಬೋಳಿಸಲಾಗುತ್ತದೆಯೇ?

ಗ್ರಿಫಿತ್ಸಿನ್ ವಿಷಯದಲ್ಲಿ ಈ ತೊಡಕಿಗೆ ಒಂದು ದಾರಿ ಸಿಕ್ಕಿತು. ಇದು ನ್ಯೂಜಿಲೆಂಡ್‌ನ ಕಡಲಿನಿಂದ ತಂದ ಕೆಂಪು ಪಾಚಿಯಲ್ಲಿದ್ದ ಪ್ರೋಟೀನು. ಎಚ್‌ಐವಿ ವೈರಸ್‌ನ ಹೊರಮೈಯ ಸಕ್ಕರೆ ಸರಗಳಿಗೆ ಅಂಟಿಕೊಂಡು, ಅದು ಜೀವಕೋಶದೊಳಗೆ ಹೋಗದಂತೆ ತಡೆಯುತ್ತದೆ. ಪ್ರೋಟೀನು ಆದ್ದರಿಂದ ಅದರ ಜೀನ್ ಒಂದಿದ್ದರೆ ಸಾಕು, ಪಾಚಿಯೇ ಬೇಕಿಲ್ಲ. ವಿಜ್ಞಾನಿಗಳು ಆ ಜೀನನ್ನು ತಂಬಾಕಿನ ಎಲೆಗೆ ರೋಗ ತರುವ ವೈರಸ್‌ನೊಳಗೆ ಸೇರಿಸಿ, ತಂಬಾಕಿನ ಜಾತಿಯ ಗಿಡಗಳಿಗೆ ಹರಡಿದರು. 2009ರ ವರದಿಯಂತೆ 5,000 ಚದರ ಅಡಿಯ ಒಂದು ಹಸಿರುಮನೆಯ ಎಲೆಗಳಿಂದ 60 ಗ್ರಾಂಗೂ ಹೆಚ್ಚು ಶುದ್ಧ ಗ್ರಿಫಿತ್ಸಿನ್ ಸಿಕ್ಕಿತು.