ದಕ್ಷಿಣ ಧ್ರುವದಲ್ಲಿರುವವರಿಗೆ ಲೋಕದ ಸುದ್ದಿ ಹೇಗೆ ತಲುಪುತ್ತದೆ?

ಓದುಗರ ಪ್ರಶ್ನೆ: ದಕ್ಷಿಣ ಧ್ರುವದ ಸಂಶೋಧನಾ ಕೇಂದ್ರದಲ್ಲಿ ಚಳಿಗಾಲ ಕಳೆಯುವವರಿಗೆ ಹೊರಜಗತ್ತಿನ ಸುದ್ದಿ ತಿಳಿಯುವುದು ಹೇಗೆ? ಅಷ್ಟು ತಿಂಗಳು ಅವರು ಏನೊಂದೂ ಗೊತ್ತಿಲ್ಲದೆ ಇರುತ್ತಾರೆಯೇ?

ಇಲ್ಲ. ಫೆಬ್ರುವರಿ ಮಧ್ಯದಲ್ಲಿ ಕೊನೆಯ ವಿಮಾನ ಹೊರಟ ಮೇಲೆ ಅಕ್ಟೋಬರ್ ಕೊನೆಯವರೆಗೆ ಧ್ರುವದ ಆ ಸಂಶೋಧನಾ ಕೇಂದ್ರಕ್ಕೆ, ಅಂದರೆ ಅಮುಂಡ್‌ಸೆನ್-ಸ್ಕಾಟ್ ಕೇಂದ್ರಕ್ಕೆ, ಸಾಮಾನ್ಯವಾಗಿ ಮನುಷ್ಯರೂ ಬರುವುದಿಲ್ಲ, ಅಂಚೆಯೂ ಬರುವುದಿಲ್ಲ. ಆದರೆ ಸುದ್ದಿ ಬರುತ್ತದೆ, ದಶಕಗಳ ಕಾಲ ಅದು ದಿನಕ್ಕೆ ಕೆಲವೇ ಗಂಟೆ ಬರುತ್ತಿತ್ತು. ಇಷ್ಟು ಬರೆದ ಕೂಡಲೇ ಬರುವ ಮರುಪ್ರಶ್ನೆಯೂ ನನಗೆ ಬಾಯಿಪಾಠವಾಗಿದೆ: ಆಕಾಶದ ತುಂಬ ಉಪಗ್ರಹಗಳಿವೆಯಲ್ಲ, ಒಂದನ್ನು ಧ್ರುವದ ನೆತ್ತಿಯ ಮೇಲೆ ನಿಲ್ಲಿಸಿಬಿಟ್ಟರೆ ಆಗದೇ? ಎಷ್ಟು ಸಲ ಉತ್ತರಿಸಿದರೂ ಚಿಗುರುವ ಈ ಕಲ್ಪನೆಯನ್ನು ಈ ಬಾರಿ ಬುಡದಿಂದಲೇ ಕೀಳಲು ನೋಡುತ್ತೇನೆ.

ಮೊದಲನೆಯದಾಗಿ, ಯಾವ ಉಪಗ್ರಹವನ್ನೂ ಯಾರೂ ಎಲ್ಲಿಯೂ ನಿಲ್ಲಿಸಿಲ್ಲ. ಭೂಸ್ಥಿರ ಉಪಗ್ರಹ ನಿಂತಂತೆ ಕಾಣುವುದು, ಭೂಮಿ ಒಮ್ಮೆ ತಿರುಗುವಷ್ಟೇ ಹೊತ್ತಿನಲ್ಲಿ, ಅದೇ ದಿಕ್ಕಿನಲ್ಲಿ, ಅದೂ ಒಂದು ಸುತ್ತು ಬರುವುದರಿಂದ. ಗುರುತ್ವ ಭೂಮಿಯ ಕೇಂದ್ರದತ್ತ ಎಳೆಯುವುದರಿಂದ ಪ್ರತಿಯೊಂದು ಉಪಗ್ರಹದ ಪಥವೂ ಆ ಕೇಂದ್ರವನ್ನೇ ಸುತ್ತಬೇಕು. ಹಾಗೆ ಸುತ್ತುತ್ತಲೇ ನೆಲದ ಒಂದೇ ಬಿಂದುವಿನ ಮೇಲಿರಬೇಕಾದರೆ ಅದು ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಮಾತ್ರ ಸಾಧ್ಯ. ಧ್ರುವದ ನೆತ್ತಿಯ ಮೇಲೆ ಕದಲದೆ ನಿಂತ ವಸ್ತುವಿಗೆ ಸುತ್ತುವ ವೇಗವೇ ಇರುವುದಿಲ್ಲ, ಆದ್ದರಿಂದ ಅದು ನೇರವಾಗಿ ಸಂಶೋಧನಾ ಕೇಂದ್ರದ ಚಾವಣಿಯ ಮೇಲೆ ಬೀಳುತ್ತದೆ.

ಇಲ್ಲಿಗೆ ಮುಗಿಯಿತೆಂದುಕೊಂಡರೆ ತಪ್ಪು. ಭೂಮಧ್ಯರೇಖೆಯ ಮೇಲಿನದನ್ನೇ ಇನ್ನಷ್ಟು ಎತ್ತರಕ್ಕೆ ಕಳುಹಿಸಿದರೆ ಧ್ರುವಕ್ಕೆ ಕಾಣಿಸೀತಲ್ಲ ಎಂದು ಮತ್ತೊಬ್ಬರು ಕೇಳುತ್ತಾರೆ. ಕಾಣಿಸುವುದಿಲ್ಲ. ಧ್ರುವದಲ್ಲಿ ನಿಂತವರ ದಿಗಂತದ ಸಮತಲವೂ ಭೂಮಧ್ಯರೇಖೆಯ ಸಮತಲವೂ ಒಂದಕ್ಕೊಂದು ಸಮಾನಾಂತರ, ನಡುವಿನ ಅಂತರ ಸುಮಾರು 6,357 ಕಿ.ಮೀ.; ಉಪಗ್ರಹವನ್ನು ಚಂದ್ರನಷ್ಟು ದೂರ ಒಯ್ದರೂ ಅದು ದಿಗಂತಕ್ಕಿಂತ ಅಷ್ಟೇ ಕೆಳಗಿರುತ್ತದೆ. ಆಂಟೆನಾವನ್ನು ಎತ್ತರಿಸುವುದಾದರೆ, ನನ್ನ ಲೆಕ್ಕದಲ್ಲಿ, 70 ಕಿ.ಮೀ. ಮೀರಿದ ಗೋಪುರವನ್ನು ಹಿಮದ ಮೇಲೆ ಕಟ್ಟಬೇಕಾಗುತ್ತದೆ. ಸುಮಾರು 81 ಡಿಗ್ರಿ ಅಕ್ಷಾಂಶದ ಆಚೆಗೆ ಭೂಸ್ಥಿರ ಉಪಗ್ರಹಗಳು ಮರೆಯಾಗುವುದಕ್ಕೆ ಭೂಮಿಯ ದುಂಡುತನವೇ ಕಾರಣ. ಕರಾವಳಿಯತ್ತ, 70 ಡಿಗ್ರಿಯ ಆಸುಪಾಸಿನಲ್ಲಿರುವ ಭಾರತದ ಮೈತ್ರಿ ಮತ್ತು ಭಾರತಿ ಕೇಂದ್ರಗಳಿಗೆ ಈ ತೊಡಕಿಲ್ಲ. ಅಲ್ಲಿ ಆ ಉಪಗ್ರಹಗಳು ದಿಗಂತದಿಂದ ತುಸು ಮೇಲೆ ಕಾಣುತ್ತವೆ.

ಹಾಗಿದ್ದರೆ ಧ್ರುವಕ್ಕೆ ಸುದ್ದಿ ಒಯ್ದವರು ಯಾರು? ಮುಪ್ಪಾದ ಉಪಗ್ರಹಗಳು. ಇಂಧನ ಮುಗಿಯುತ್ತ ಬಂದು ಪಥವನ್ನು ತಿದ್ದುವುದು ನಿಂತಾಗ, ಸೂರ್ಯ ಚಂದ್ರರ ಸೆಳೆತಕ್ಕೆ ಭೂಸ್ಥಿರ ಉಪಗ್ರಹದ ಪಥ ಭೂಮಧ್ಯರೇಖೆಯ ಸಮತಲದಿಂದ ವರ್ಷದಿಂದ ವರ್ಷಕ್ಕೆ ವಾಲುತ್ತದೆ. ಆ ವಾಲು ಒಂಬತ್ತು ಡಿಗ್ರಿ ದಾಟಿತೆಂದರೆ ಉಪಗ್ರಹ ದಿನದ ಸ್ವಲ್ಪ ಹೊತ್ತು ಧ್ರುವದ ದಿಗಂತದ ಮೇಲೆ ಇಣುಕತೊಡಗುತ್ತದೆ. 1978ರಲ್ಲಿ ಹವಾಮಾನ ವೀಕ್ಷಣೆಗೆಂದು ಹಾರಿದ ಗೋಸ್-3 ತನ್ನ ಮೂಲ ಕೆಲಸದಿಂದ ನಿವೃತ್ತವಾದ ಮೇಲೆ, 2016ರವರೆಗೂ, ಧ್ರುವದ ಕೇಂದ್ರಕ್ಕೆ ಹೀಗೆ ದುಡಿಯಿತು. ದೋಷವೇ ಅರ್ಹತೆಯಾದ ಇಂಥ ಉದಾಹರಣೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಹಿಗ್ಗಾಗುತ್ತದೆ. ಉಳಿದ ಹೊತ್ತಿನಲ್ಲಿ ಫೋನ್ ಕರೆಗೂ ಪುಟ್ಟ ಇಮೇಲ್‌ಗೂ ಇರಿಡಿಯಂ ಇದೆ: ಸುಮಾರು 780 ಕಿ.ಮೀ. ಎತ್ತರದಲ್ಲಿ, ಧ್ರುವಗಳ ಸಮೀಪವೇ ಹಾದುಹೋಗುವ 66 ಉಪಗ್ರಹಗಳ ಜಾಲ. ಅದರಲ್ಲಿ ಪಠ್ಯರೂಪದ ಸುದ್ದಿ ಸಾಗೀತು, ವಿಡಿಯೊ ಸಾಗದು.

ಯಾರೂ ಕೇಳದ ಒಂದು ಪ್ರಶ್ನೆಯಿದೆ: ಆ ಸುದ್ದಿ ಅಲ್ಲಿಗೆ ಯಾವ ದಿನದ್ದು? ರೇಖಾಂಶಗಳೆಲ್ಲ ಕೂಡುವ ಬಿಂದುವಿಗೆ ತನ್ನದೇ ಆದ ವೇಳೆ ಇಲ್ಲ. ಸರಕಿನ ವಿಮಾನಗಳ ದಾರಿ ನ್ಯೂಜಿಲೆಂಡಿನಿಂದ ಅಂಟಾರ್ಕ್ಟಿಕಾ ಕರಾವಳಿಯ ಮೆಕ್‌ಮರ್ಡೊ ಕೇಂದ್ರದ ಮೂಲಕ ಬರುವುದರಿಂದ ಕೇಂದ್ರವು ನ್ಯೂಜಿಲೆಂಡಿನ ಗಡಿಯಾರವನ್ನೇ ಅನುಸರಿಸುತ್ತದೆ. ನ್ಯೂಯಾರ್ಕಿನ ಸೋಮವಾರ ಸಂಜೆಯ ಸುದ್ದಿಯನ್ನು ಅಲ್ಲಿಯವರು ಮಂಗಳವಾರ ಬೆಳಿಗ್ಗೆ ಓದುತ್ತಾರೆ. ಉಪಗ್ರಹ ಮಾತ್ರ ಯಾವ ದೇಶದ ಗಡಿಯಾರವನ್ನೂ ಲೆಕ್ಕಿಸದೆ ನಕ್ಷತ್ರಗಳ ವೇಳೆಗೆ ನಡೆಯುತ್ತದೆ, ಅಂದರೆ ದಿನಕ್ಕೆ ಸುಮಾರು 4 ನಿಮಿಷ ಮೊದಲೇ ಏಳುತ್ತದೆ. ಹೀಗಾಗಿ ಮಾರ್ಚ್‌ನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ತೆರೆಯುತ್ತಿದ್ದ ಸುದ್ದಿಯ ಕಿಟಕಿ, ಆರು ತಿಂಗಳ ಇರುಳು ಮುಗಿಯುವ ಸೆಪ್ಟೆಂಬರ್ ವೇಳೆಗೆ ಹೆಚ್ಚುಕಡಿಮೆ ನಡುರಾತ್ರಿಗೆ ಬಂದು ನಿಂತಿರುತ್ತದೆ.