ಒಣ ನಾಡಿನ ಒದ್ದೆ ಗೋಡೆ

ಕಲಬುರಗಿಯಲ್ಲಿ ಬೂಷ್ಟಿನ ಮಾತು ತೆಗೆದರೆ, ಅದು ಮಲೆನಾಡಿನವರ, ಕರಾವಳಿಯವರ ತಾಪತ್ರಯವೆಂದು ನಕ್ಕುಬಿಡುವವರೇ ಹೆಚ್ಚು. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ಮುಟ್ಟುವ, ಮಧ್ಯಾಹ್ನದ ಗಾಳಿಯ ತೇವಾಂಶ ಶೇ. 30ಕ್ಕಿಂತ ಕೆಳಗಿಳಿಯುವ ಊರಿನಲ್ಲಿ ಗೋಡೆಗೆ ಬೂಷ್ಟು ಹಿಡಿಯುವುದುಂಟೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೂಷ್ಟಿಗೆ ಇಡೀ ಊರಿನ ಹವಾಮಾನ ಬೇಕಿಲ್ಲ. ತಾನು ಕೂತ ಒಂದೆರಡು ಚದರ ಅಡಿಯ ಹವಾಮಾನ ಸಾಕು. ಅಲ್ಮಾರಿಯ ಬೆನ್ನಿಗೂ ಗೋಡೆಗೂ ನಡುವಿನ ಅರ್ಧ ಇಂಚು ಸಂದಿಯಲ್ಲಿ ತೇವಾಂಶ ಶೇ. 80ರ ಮೇಲೆ ಕೆಲವು ದಿನ ನಿಂತುಬಿಟ್ಟರೆ, ಅಂಗಳದಲ್ಲಿ ಎಂಥ ಬಿಸಿಲಿದ್ದರೂ ಅಲ್ಲಿ ಬೂಷ್ಟು ಬೆಳೆಯತೊಡಗುತ್ತದೆ.

ಬೂಷ್ಟು ಒಂದು ಶಿಲೀಂಧ್ರ. ಅದರ ಬೀಜಾಣುಗಳು ಸಾಮಾನ್ಯವಾಗಿ 2ರಿಂದ 10 ಮೈಕ್ರಾನ್ ಗಾತ್ರದವು. ನಮ್ಮ ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಅವು ಗಾಳಿಯಲ್ಲಿ ಎಲ್ಲೆಡೆ ತೇಲುತ್ತಿರುತ್ತವೆಯಾದ್ದರಿಂದ ಮನೆಯೊಳಗೆ ಬಾರದಂತೆ ತಡೆಯುವುದು ಯಾರಿಂದಲೂ ಆಗದ ಕೆಲಸ. ಬೀಜಾಣು ಮೊಳೆತ ಮೇಲೆ ಅದರ ಎಳೆಗಳು ಕಿಣ್ವಗಳನ್ನು ಹೊರಕ್ಕೆ ಸ್ರವಿಸಿ, ಆಹಾರವನ್ನು ದೇಹದ ಹೊರಗೇ ಜೀರ್ಣಿಸಿ, ಆ ರಸವನ್ನು ಹೀರಿಕೊಳ್ಳುತ್ತವೆ. ಪ್ಲೈವುಡ್ಡು, ರಟ್ಟು, ಅಂಟು, ಪೇಂಟಿನೊಳಗಿನ ಜೈವಿಕ ಅಂಶ, ಕಡೆಗೆ ಗೋಡೆಗೆ ಮೆತ್ತಿದ ಧೂಳು ಕೂಡ ಅದಕ್ಕೆ ಆಹಾರವೇ. ಬೀಜಾಣು, ಆಹಾರ, ಬೆಚ್ಚನೆಯ ಗಾಳಿ ಈ ಮೂರೂ ನಮ್ಮ ಮನೆಗಳಲ್ಲಿ ಸದಾ ಇರುವುದರಿಂದ, ನಾವು ಕೈಹಾಕಬಹುದಾದದ್ದು ನೀರೊಂದಕ್ಕೇ.

ಗೋಡೆಯೊಳಗಿನ ಬೂಷ್ಟಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳು ಹೆಚ್ಚಾಗಿ ಅಮೆರಿಕದ ಕಡೆಯ ಪೊಳ್ಳು ಗೋಡೆಗಳಿಗೆ, ಅಂದರೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದ ಗೋಡೆಗಳಿಗೆ ಬರೆದವು. ನಮ್ಮಲ್ಲಿ ಇಟ್ಟಿಗೆ ಅಥವಾ ಶಹಾಬಾದ್ ಕಲ್ಲಿನ ಗಟ್ಟಿ ಗೋಡೆ. ಕೊಯ್ದು ಇಣುಕಲು ಒಳಗೆ ಟೊಳ್ಳಿಲ್ಲ. ಆದರೆ ಈಚೆಗೆ ಆ ಟೊಳ್ಳನ್ನು ನಾವೇ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಿದ್ದೇವೆ. ಕೆಳಭಾಗದ ಬಣ್ಣ ಉದುರುತ್ತಿದೆ, ನೋಡಲು ಚೆಂದವಿಲ್ಲ ಎಂದು ಪಿವಿಸಿ ಪ್ಯಾನೆಲ್ ಹೊಡೆಸುವುದು ಈಗ ಎಲ್ಲ ಬಡಾವಣೆಗಳಲ್ಲೂ ಕಾಣುತ್ತದೆ. ಒದ್ದೆ ಗೋಡೆಗೆ ಮಾಡಬಹುದಾದ ಅತಿ ಕೆಟ್ಟ ಉಪಚಾರ ಇದೇ ಎಂಬುದು ನನ್ನ ಅಭಿಪ್ರಾಯ. ತೆರೆದ ಗೋಡೆ ತನ್ನೊಳಗಿನ ನೀರನ್ನು ಆವಿಯಾಗಿ ಬಿಟ್ಟುಕೊಡುತ್ತಿರುತ್ತದೆ. ಮುಚ್ಚಿದರೆ ಆ ದಾರಿ ಕಟ್ಟಿಹೋಗಿ, ಮೊದಲು ಒಂದೂವರೆ ಅಡಿಗೆ ನಿಂತಿದ್ದ ಪಸೆ ಇನ್ನೂ ಮೇಲಕ್ಕೆ ಏರುತ್ತದೆ.

ಹಾಗಾದರೆ ನೀರು ಬರುವುದು ಎಲ್ಲಿಂದ? ಕಲಬುರಗಿ, ಯಾದಗಿರಿಗಳಲ್ಲಿ ಮೊದಲು ನೋಡಬೇಕಾದದ್ದು ಕಾಲ ಕೆಳಗಿನ ಎರೆಮಣ್ಣನ್ನು. ಅದರಲ್ಲಿರುವ ಜೇಡಿಯ ಖನಿಜಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲಗಳು ಕೈ ತೂರುವಷ್ಟು ಬಿರಿಯುವುದು ಇದರಿಂದಲೇ. ಮನೆಯ ಬುನಾದಿಯ ಅಡಿಯಲ್ಲೂ ಇದೇ ಉಬ್ಬರ ಇಳಿತ ವರ್ಷ ವರ್ಷವೂ ನಡೆದು ಗೋಡೆ ಸೀಳುತ್ತದೆ, ಗೋಡೆಯೊಳಗೆ ಹುಗಿದ ಪೈಪಿನ ಜಾಯಿಂಟು ಸಡಿಲುತ್ತದೆ. ಎರೆಮಣ್ಣು ನೀರನ್ನು ಬೇಗ ಇಳಿಸುವುದೂ ಇಲ್ಲ. ಮಳೆ ನಿಂತು ವಾರ ಕಳೆದರೂ ಬುನಾದಿಗೆ ಒತ್ತಿಕೊಂಡೇ ಹಸಿಯಾಗಿರುತ್ತದೆ, ಆ ಹಸಿಯನ್ನು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳು ಮೇಲಕ್ಕೆ ಹೀರುತ್ತವೆ. ಬೀದರಿನ ನೆಲ ಬೇರೆ. ಅಲ್ಲಿಯ ಕೆಂಪು ಜಂಬಿಟ್ಟಿಗೆಯ ಮೂಲಕ ನೀರು ಸರಾಗ ಕೆಳಗಿಳಿಯುತ್ತದೆ. ಅಲ್ಲಿಯ ನೌಬಾದಿನ ಸುರಂಗ ಬಾವಿ, ಅಂದರೆ ನೆಲದಡಿ ಕೊರೆದ ಹಳೆಯ ನೀರಿನ ಕಾಲುವೆ, ಹುಟ್ಟಿದ್ದೇ ಹಾಗೆ ಇಳಿದ ನೀರು ಅಡಿಯ ಕಪ್ಪು ಕಲ್ಲಿನ ಮೇಲೆ ನಿಲ್ಲುತ್ತದೆಂಬ ತಿಳಿವಳಿಕೆಯಿಂದ. ಆದರೆ ಅದೇ ಜಂಬಿಟ್ಟಿಗೆಯನ್ನು ಗೋಡೆಗೆ ಕಟ್ಟಿದರೆ ಅದರ ರಂಧ್ರಗಳು ಬೀಸು ಮಳೆಯನ್ನೂ ಹಾಗೆಯೇ ಹೀರುತ್ತವೆ.

ಫರಸಿ ಹೊದಿಸಿದ ಹಳೆಯ ಮಾಳಿಗೆಗಳ ಸಂದಿ, ಬಚ್ಚಲಿನ ಟೈಲ್ಸುಗಳ ನಡುವಿನ ಬಿರುಕು, ಸಿಂಕಿನ ಕೆಳಗಿನ ಪೈಪು ಇವೆಲ್ಲ ಎಲ್ಲರಿಗೂ ಗೊತ್ತಿರುವ ದಾರಿಗಳೇ. ಯಾರ ಲೆಕ್ಕಕ್ಕೂ ಬಾರದಿರುವುದು ಕೂಲರು. ಏಪ್ರಿಲ್‌ನ ಒಣ ಗಾಳಿಯಲ್ಲಿ ಅದು ಹರಡುವ ತೇವ ತೆರೆದ ಕಿಟಕಿಯಿಂದ ಹೊರಟುಹೋಗುತ್ತದೆ. ಜುಲೈನಲ್ಲಿ ಸೆಕೆಯೆಂದು ಕಿಟಕಿ ಮುಚ್ಚಿ ಅದನ್ನೇ ರಾತ್ರಿಯಿಡೀ ಓಡಿಸಿದರೆ ಕೋಣೆ ತಂಪಾಗುವುದು ಅಷ್ಟಕ್ಕಷ್ಟೇ, ಗೋಡೆ ಮಾತ್ರ ನೆನೆಯುತ್ತದೆ.

ಪತ್ತೆ ಹಚ್ಚಲು ಸೆಪ್ಟೆಂಬರ್ ಒಳ್ಳೆಯ ಕಾಲ. ಅಲ್ಮಾರಿಯನ್ನು ಈಚೆಗೆಳೆದು ನೋಡಿದರೆ ಅದರ ಹಿಂಬದಿಯ ಹಲಗೆಯ ಮೇಲೆ ರೂಪಾಯಿ ಬಿಲ್ಲೆಯಗಲದ ಬೂದು ಹಸಿರು ವೃತ್ತಗಳು, ನಡುವೆ ಗಾಢ, ಅಂಚಿಗೆ ಬಿಳಿ ನವಿರು, ಒಂದಕ್ಕೊಂದು ಕೂಡಿಕೊಂಡು ಹರಡಿರುವುದು ಕಂಡೀತು. ಗೋಡೆಯ ಮೇಲೆ ಬರೀ ಬಿಳಿ ಹುಡಿಯಿದ್ದರೆ ಅದು ಬೂಷ್ಟೇ ಆಗಿರಬೇಕೆಂದಿಲ್ಲ, ನೀರಿನೊಡನೆ ಹೊರಬಂದ ಉಪ್ಪೂ ಇರಬಹುದು. ಒಂದು ಹನಿ ನೀರು ಬಿಟ್ಟಾಗ ಕರಗಿದರೆ ಉಪ್ಪು, ಕರಗದಿದ್ದರೆ ಬೂಷ್ಟೆಂಬ ಅನುಮಾನ ಗಟ್ಟಿ. ಅನುಭವಸ್ಥ ಗೌಂಡಿಗಳು ಕರಣೆಯ ಹಿಡಿಯಿಂದ ಗೋಡೆ ತಟ್ಟುತ್ತಾ ಹೋಗುತ್ತಾರೆ. ಗಿಲಾವು ಬಿಟ್ಟುಕೊಂಡ ಕಡೆ ಸದ್ದು ಪೊಳ್ಳಾಗುತ್ತದೆ. ಇನ್ನೊಂದು ಸುಲಭ ಪರೀಕ್ಷೆಯಿದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪಿನಿಂದ ಬಿಗಿದು ಒಂದೆರಡು ದಿನ ಬಿಡಬೇಕು. ಹಾಳೆಯ ಹಿಂದೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿನದು. ಕೋಣೆಯ ಕಡೆಯ ಮೈ ಒದ್ದೆಯಾದರೆ ಕೋಣೆಯ ಗಾಳಿಯದು. ಪೈಪಿನ ಮೇಲೆ ಗುಮಾನಿಯಿದ್ದರೆ ರಾತ್ರಿ ಎಲ್ಲ ನಲ್ಲಿ ಮುಚ್ಚಿ ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿ, ಬೆಳಗ್ಗೆ ಮತ್ತೆ ನೋಡಬೇಕು.

ಕಪ್ಪು ಕಲೆ ಕಂಡ ಕೂಡಲೇ ಹೌಹಾರುವವರಿದ್ದಾರೆ. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ‘ಬ್ಲ್ಯಾಕ್ ಫಂಗಸ್’ ಭಯ ಇನ್ನೂ ಮಾಸಿಲ್ಲ. ಆ ರೋಗ ತರುವ ಶಿಲೀಂಧ್ರಗಳ ಬಳಗವೇ ಬೇರೆ. ಅಲ್ಲಿ ಕಪ್ಪಾಗುವುದು ರಕ್ತ ಹರಿಯದೆ ಸತ್ತ ಅಂಗಾಂಶ. ಗೋಡೆಯ ಬೂಷ್ಟಿನಿಂದ ಸಾಮಾನ್ಯವಾಗಿ ಆಗುವುದು ಸೀನು, ಕಟ್ಟಿದ ಮೂಗು, ಕೆಮ್ಮು, ಇದ್ದ ಅಸ್ತಮಾ ಕೆರಳುವುದು. ತೇವ ಮತ್ತು ಬೂಷ್ಟಿಗೂ ಉಸಿರಾಟದ ತೊಂದರೆಗಳಿಗೂ ಇರುವ ನಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಒಪ್ಪಿದೆ. ರೋಗನಿರೋಧಕ ಶಕ್ತಿ ತೀರ ಕುಂದಿದವರಂತೂ ಇಂಥ ಕೋಣೆಯಿಂದ ದೂರವೇ ಇರಬೇಕು. ಬಣ್ಣ ನೋಡಿ ಬೂಷ್ಟಿನ ಜಾತಿ ಹೇಳಲಾಗದು, ಹೇಳಿದರೂ ಮಾಡಬೇಕಾದ ಕೆಲಸ ಬದಲಾಗದು.

ಹತ್ತು ಚದರ ಅಡಿಯೊಳಗಿನದನ್ನು ಮನೆಯವರೇ ತೆಗೆಯಬಹುದು. ಎನ್95 ಮಾಸ್ಕು, ಕೈಗವಸು, ಕನ್ನಡಕ ಬೇಕು, ಫ್ಯಾನು ನಿಲ್ಲಿಸಬೇಕು, ಒಣಗಿದ್ದಾಗ ಕೆರೆದರೆ ಬೀಜಾಣು ಮನೆಯೆಲ್ಲ ಹಾರುವುದರಿಂದ ಮೊದಲು ತುಸು ನೀರು ಚಿಮುಕಿಸಿ, ಸಾಬೂನು ಪುಡಿಯ ನೀರಿನಿಂದ ತಿಕ್ಕಿ ಒರೆಸಬೇಕು. ಬೂಷ್ಟು ಒಳಗಿಳಿದ ಪ್ಲೈವುಡ್, ಹಾಸಿಗೆಗಳನ್ನು ಉಳಿಸಿಕೊಳ್ಳುವ ಆಸೆ ಬೇಡ. ಬ್ಲೀಚಿಂಗ್ ಪುಡಿ ಕಲೆಯ ಬಣ್ಣ ಕಳೆಯುತ್ತದೆಯೇ ಹೊರತು ಗಿಲಾವಿನ ಒಳಕ್ಕಿಳಿದ ಎಳೆಗಳನ್ನು ಮುಟ್ಟುವುದು ಕಡಿಮೆ. ಅದರ ಜೊತೆಗೆ ಶೌಚಾಲಯ ತೊಳೆಯುವ ಆಸಿಡ್ಡನ್ನು ಯಾವ ಕಾರಣಕ್ಕೂ ಬೆರೆಸಬಾರದು. ಮುಚ್ಚಿದ ಬಚ್ಚಲಿನಲ್ಲಿ ಏಳುವ ಕ್ಲೋರಿನ್ ಅನಿಲ ಬೂಷ್ಟಿಗಿಂತ ಎಷ್ಟೋ ಪಾಲು ಅಪಾಯಕಾರಿ.

ನಮ್ಮ ಜನ ಮೋಸಹೋಗುವುದು ಬೇಸಿಗೆಯಲ್ಲಿ. ಮಾರ್ಚ್ ಹೊತ್ತಿಗೆ ಕಲೆ ಮಾಸಿ ವಾಸನೆ ಅಡಗುವುದರಿಂದ ಕಾಟ ತೀರಿತೆಂದು ಬಣ್ಣ ಹೊಡೆಸುತ್ತಾರೆ. ಆದರೆ ಒಣಗಿದ ಬೂಷ್ಟಿನ ಬೀಜಾಣುಗಳು ಮುಂದಿನ ಮಳೆಯವರೆಗೆ ಸುಮ್ಮನಿರಬಲ್ಲವು, ಸತ್ತ ಚೂರುಗಳೂ ಅಲರ್ಜಿ ತರಬಲ್ಲವು. ಬೇಸಿಗೆಯ ನಿಜವಾದ ಉಪಯೋಗ ಗೋಡೆ ಒಣಗಿಸುವುದರಲ್ಲಿದೆ. ಒಂದು ಇಂಚು ದಪ್ಪದ ಗೋಡೆ ಆರಲು ಸುಮಾರು ಒಂದು ತಿಂಗಳು ಎಂಬುದು ಕಟ್ಟಡದವರ ಅಂದಾಜು. ಒಂಬತ್ತು ಇಂಚಿನ ಗೋಡೆಗೆ ಎಷ್ಟು ಬೇಕೆಂದು ಲೆಕ್ಕ ಹಾಕಿಕೊಳ್ಳಬಹುದು. ಆದ್ದರಿಂದ ಮಳೆಗಾಲದಲ್ಲಿ ನೀರಿನ ದಾರಿ ಗುರುತಿಸಿ, ದೀಪಾವಳಿಯ ಹೊತ್ತಿಗೆ ಪೈಪು, ಬಿರುಕು, ಮಾಳಿಗೆಗಳನ್ನು ಸರಿಪಡಿಸಿ, ಹಾಳಾದ ಗಿಲಾವು ಕೆತ್ತಿ, ಗೋಡೆಯನ್ನು ಮೇ ತಿಂಗಳವರೆಗಾದರೂ ಬೆತ್ತಲೆ ಬಿಡುವುದು ಈ ಸೀಮೆಗೆ ಒಪ್ಪುವ ಕ್ರಮ. ಆಮೇಲೆ ಹಿರಿಯರು ಹಬ್ಬಕ್ಕೆ ಹೊಡೆಸುತ್ತಿದ್ದ ಸುಣ್ಣವನ್ನೇ ಬಳಿದರೆ ಇನ್ನೂ ಒಳ್ಳೆಯದು: ಹೊಸ ಸುಣ್ಣದ ತೀವ್ರ ಕ್ಷಾರಗುಣವನ್ನು ಬೂಷ್ಟು ತಾಳಲಾರದು, ಆವಿಗೂ ಅದು ಅಡ್ಡ ಬಾರದು. ಗಾಳಿಯ ಸಂಗದಿಂದ ಆ ಕ್ಷಾರ ಕ್ರಮೇಣ ಇಳಿದುಹೋಗುವುದರಿಂದ ಪ್ರತಿ ವರ್ಷ ಬಳಿಯಬೇಕಾಗುತ್ತದೆ. ಅಲ್ಮಾರಿಯನ್ನು ಗೋಡೆಯಿಂದ ಮೂರು ನಾಲ್ಕು ಬೆರಳು ಈಚೆಗಿಡಬೇಕು. ಪ್ಯಾನೆಲ್ ಬೇಕೇ ಬೇಕೆನ್ನುವವರು ಇನ್ನೊಂದು ಮಳೆಗಾಲ ತಡೆದು, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಹಾಳೆಯ ಹಿಂದೆ ಹನಿ ಕಟ್ಟದಿದ್ದರೆ ಮಾತ್ರ ಹೊಡೆಸಲಿ.