ಬೆಲ್ಲದ ಕಾಫಿಗೂ ಲೆಕ್ಕ ಇದೆ

ಚಿಕ್ಕಮಗಳೂರಿನಲ್ಲಿ ಸಕ್ಕರೆ ಬಿಟ್ಟವರು ಬೆಲ್ಲದ ಕಾಫಿಯನ್ನು ಧೈರ್ಯವಾಗಿ ಎರಡು ಲೋಟ ಕುಡಿಯುತ್ತಾರೆ. ಕೊಪ್ಪ, ಶೃಂಗೇರಿ ಕಡೆಯ ಮನೆಗಳಿಗೆ ಇದು ಹೊಸದೇನಲ್ಲ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಪುಡಿ ಹಾಕಿ, ಶೋಧಿಸಿ, ಹಾಲನ್ನು ಕೊನೆಗೆ ಬೆರೆಸುತ್ತಾರೆ. ಬೆಲ್ಲ ಹಾಕಿ ಹಾಲು ಕುದಿಸಿದರೆ ಒಡೆದೇ ಹೋಗಬಹುದು.

ರುಚಿಯಲ್ಲಿ ತಕರಾರಿಲ್ಲ. ಆದರೆ ಬೆಲ್ಲದಲ್ಲಿ ಬಹುಪಾಲು ಇರುವುದು ಸುಕ್ರೋಸ್, ಅಂದರೆ ಸಕ್ಕರೆಯೇ. ಕರುಳಿನಲ್ಲಿ ಅದು ಗ್ಲುಕೋಸ್, ಫ್ರಕ್ಟೋಸ್ ಎಂದು ಎರಡಾಗುತ್ತದೆ. ಗ್ಲುಕೋಸ್ ರಕ್ತಕ್ಕಿಳಿದು ಶುಗರ್ ಏರಿಸುತ್ತದೆ. ಫ್ರಕ್ಟೋಸ್ ಹೆಚ್ಚಾಗಿ ಲಿವರ್‌ಗೆ ಹೋಗುತ್ತದೆ, ಜಾಸ್ತಿಯಾದರೆ ಅಲ್ಲೇ ಕೊಬ್ಬಾಗುತ್ತದೆ. ಆಲೆಮನೆಯಿಂದ ಬಂತೋ, ಚನ್ನರಾಯಪಟ್ಟಣದ ಕಾರ್ಖಾನೆಯಿಂದ ಬಂತೋ, ಲಿವರ್ ಕೇಳುವುದಿಲ್ಲ.

ಕಬ್ಬಿಣಾಂಶ ಇದೆಯಲ್ವಾ ಎನ್ನುತ್ತಾರೆ. ಇದೆ, ಒಂದು ಚಮಚದಲ್ಲಿ ಅಲ್ಪಸ್ವಲ್ಪ. ತಮಾಷೆಯೆಂದರೆ ಕಾಫಿಯಲ್ಲಿರುವ ಪಾಲಿಫೀನಾಲ್‌ಗಳು ಕಬ್ಬಿಣವನ್ನು ಕರುಳು ಹೀರದಂತೆ ತಡೆಯುತ್ತವೆ. ರಕ್ತ ಹೆಚ್ಚಲಿ ಎಂದು ಬೆಲ್ಲದ ಕಾಫಿ ಕುಡಿಯುವುದು ಸುಮ್ನೆ.

ತುಡುವೆ ಜೇನಿನ ಕಥೆಯೂ ಹೀಗೇ. ಮುಕ್ಕಾಲು ಭಾಗಕ್ಕೂ ಮಿಕ್ಕಿ ಸಕ್ಕರೆಗಳು, ಉಳಿದದ್ದು ಹೆಚ್ಚಾಗಿ ನೀರು. ಒಂದು ವರ್ಷದೊಳಗಿನ ಮಗುವಿಗಂತೂ ನೆಕ್ಕಿಸಲೇಬಾರದು, ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಸಕ್ಕರೆಯ ಮಿತಿಯಲ್ಲಿ ಜೇನು, ಹಣ್ಣಿನ ಜ್ಯೂಸ್ ಕೂಡ ಸೇರಿವೆ. ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಐದಾರು ಟೀ ಚಮಚದೊಳಗೆ ನಿಂತರೆ ಇನ್ನೂ ಒಳ್ಳೆಯದು ಎನ್ನುತ್ತದೆ ಅದು. ತೋಟದ ಕಿತ್ತಳೆಯನ್ನು ಹಿಂಡದೆ ತೊಳೆ ಬಿಡಿಸಿ ತಿಂದರೆ ಈ ಲೆಕ್ಕಕ್ಕೆ ಬರುವುದಿಲ್ಲ. ನಾರು ಇರುವುದರಿಂದ ಸಿಹಿ ನಿಧಾನಕ್ಕೆ ಇಳಿಯುತ್ತದೆ.

ಸ್ಟೀವಿಯಾ? ಎಲೆಯಿಂದ ಬರುವ ಅದರ ಸಾರ ಸಕ್ಕರೆಗಿಂತ 200-300 ಪಟ್ಟು ಸಿಹಿ, ರಕ್ತದ ಶುಗರ್ ಏರಿಸುವುದಿಲ್ಲ. ಆದರೂ ತೂಕ ಇಳಿಸಲು ಇಂಥವನ್ನು ನೆಚ್ಚಬೇಡಿ ಎಂದು ಅದೇ ಸಂಸ್ಥೆ 2023ರಲ್ಲಿ ಹೇಳಿತು. ನಾಲಿಗೆಯ ಸಿಹಿಚಟ ಹಾಗೇ ಉಳಿಯುತ್ತದಲ್ಲ ಎಂಬುದು ನನ್ನ ತಕರಾರು.

ಚಮಚವನ್ನು ಅರ್ಧರ್ಧ ಇಳಿಸಿ, ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಪುಡಿಯನ್ನೂ ಒಮ್ಮೆ ನೋಡಿ. ರೊಬಸ್ಟಾ, ಚಿಕೋರಿ ಜಾಸ್ತಿಯಿದ್ದರೆ ಕಹಿ ಮುಚ್ಚಲು ಸಿಹಿಯೂ ಜಾಸ್ತಿ ಬೇಕಾಗುತ್ತದೆ. ಒಳ್ಳೆಯ ಅರೇಬಿಕಾ ಡಿಕಾಕ್ಷನ್‌ಗೆ ಅರ್ಧ ಚಮಚ ಸಾಕು.